ಯಾರಿಗೂ ಭಾರವಾಗದ ಹಾಗೆ

ಎರಡು ವರ್ಷದ ಹಿಂದೆ ಅಜ್ಜಿ ತೀರಿಕೊಂಡಾಗ, ಬೂಕನಕೆರೆಯ ನಮ್ಮ ಮನೆಯ ಜಗಲಿಯ ಮೇಲೆ ಕೂತವರೆಲ್ಲ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದರು. "ಪುಣ್ಯವಂತೆ ಕಣಪ್ಪ, ಯಾರ ಕೈಲೂ ಮಾಡಿಸ್ಕಳ್ದೆ ಹೋದ್ಲು." "ಒಂದು ದಿನ ಹಾಸಿಗೆ ಹಿಡೀಲಿಲ್ಲ, ಯಾರಿಗೂ ಭಾರ ಆಗ್ಲಿಲ್ಲ." ಅಜ್ಜಿ ಬೆಳಿಗ್ಗೆ ಹಸು ಕರೆದು, ಮಧ್ಯಾಹ್ನ ಮುದ್ದೆ ಉಂಡು, ಸಂಜೆಯ ಹೊತ್ತಿಗೆ ಇಲ್ಲವಾಗಿದ್ದಳು. ನಮ್ಮ ಕಡೆ ಸಾವಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನೂ ತಲೆಯಾಡಿಸಿದೆ. ಕಂಬಕ್ಕೆ ಒರಗಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಚಿಕ್ಕಪ್ಪನ ಕಡೆ ನೋಡಲಿಲ್ಲ.

ಚಿಕ್ಕಪ್ಪನಿಗೆ ಬೈಪೋಲಾರ್ ಕಾಯಿಲೆ. ಹನ್ನೆರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದಾನೆ. ತಿಥಿ ಮುಗಿದ ಮಾರನೆಯ ದಿನ ನನ್ನನ್ನು ಕರೆದು, "ನನ್ನ ಮಾತ್ರೆ, ಬಸ್ ಚಾರ್ಜು, ನಿಮ್ಮ ಚಿಕ್ಕಮ್ಮ ಕೂಲಿ ಬಿಟ್ಟು ನನ್ ಜೊತೆ ಬರೋದು, ಎಲ್ಲ ಸೇರಿ ವರ್ಷಕ್ಕೆ ಎಷ್ಟಾಯ್ತದೆ ಒಂದು ಲೆಕ್ಕ ಹಾಕ್ಕೊಡು" ಅಂದ. "ಅದೆಲ್ಲ ನಿನಗ್ಯಾಕೆ, ನೀನೇನು ಭಾರ ಅಲ್ಲ ಬಿಡು" ಎಂದು ನಕ್ಕುಬಿಟ್ಟೆ. ಮಧ್ಯಾಹ್ನದ ಬಸ್ಸಿಗೆ ಮೈಸೂರಿಗೆ ಹೊರಟೆ.

ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿ ಎಂದರೆ, ಮಾನಸಿಕ ಕಾಯಿಲೆ ಇರುವವರಲ್ಲಿ ಆತ್ಮಹತ್ಯೆಯ ಅಪಾಯವನ್ನು ಹೆಚ್ಚಿಸುವ ಮನಸ್ಸಿನ ಸ್ಥಿತಿಗಳೇ ನನ್ನ ಪಿಎಚ್‌ಡಿಯ ವಿಷಯ.

ಈ ಕ್ಷೇತ್ರದಲ್ಲಿ ಮೊದಲು ಓದಬೇಕಾದ ಹೆಸರುಗಳಲ್ಲಿ ಒಂದು ಆರನ್ ಬೆಕ್. ಆತ್ಮಹತ್ಯೆಯ ಯೋಚನೆಯಿಂದಾಗಿ ಆಸ್ಪತ್ರೆಗೆ ಸೇರಿದ್ದ 207 ಜನರನ್ನು ಬೆಕ್ ಮತ್ತು ಸಂಗಡಿಗರು ಐದರಿಂದ ಹತ್ತು ವರ್ಷ ಗಮನಿಸಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ದುಃಖ ಎಷ್ಟಿದೆ ಎನ್ನುವುದಕ್ಕಿಂತ, ಮುಂದೆ ಏನೂ ಸರಿಹೋಗುವುದಿಲ್ಲ ಎಂಬ ಹತಾಶೆ ಎಷ್ಟಿದೆ ಎನ್ನುವುದೇ ಅಪಾಯದ ಹೆಚ್ಚು ನಿಜವಾದ ಸೂಚನೆಯಾಗಿತ್ತು. ಇನ್ನೊಂದು ಹೆಸರು ಥಾಮಸ್ ಜಾಯ್ನರ್. 2005ರ ತಮ್ಮ ಪುಸ್ತಕದಲ್ಲಿ ಅವರು ಸಾಯಬೇಕೆಂಬ ಆಸೆಯ ಹಿಂದೆ ಎರಡು ನಂಬಿಕೆಗಳನ್ನು ಗುರುತಿಸಿದರು. ನಾನು ಯಾರಿಗೂ ಸೇರಿದವನಲ್ಲ ಎನ್ನುವುದು ಒಂದು. ನಾನು ನನ್ನವರಿಗೆ ಭಾರ, ನಾನಿಲ್ಲದಿದ್ದರೆ ಅವರಿಗೆ ಒಳ್ಳೆಯದು ಎನ್ನುವುದು ಇನ್ನೊಂದು.

ಈ ಎರಡನೆಯ ವಾಕ್ಯವನ್ನು ನಾನು ಎಷ್ಟು ಸಲ ಟೈಪು ಮಾಡಿದ್ದೆನೋ. ಅದು ಪುಸ್ತಕದಲ್ಲಿ ಇಂಗ್ಲಿಷಿನಲ್ಲಿತ್ತು. ನನ್ನ ಮನೆಯ ಜಗಲಿಯ ಮೇಲೆ ಬಸ್ ಚಾರ್ಜಿನ ಲೆಕ್ಕವಾಗಿ ಬಂದಾಗ ನನಗೆ ಗುರುತೇ ಸಿಗಲಿಲ್ಲ.

ಗುರುತು ಸಿಕ್ಕಿದ್ದು ಚಿಕ್ಕಮ್ಮನಿಗೆ. ಮೂರು ವಾರದ ನಂತರ ಚಿಕ್ಕಪ್ಪ ಬ್ಯಾಂಕಿನ ಪಾಸ್‌ಬುಕ್ ತಂದು ಅವಳ ಕೈಗಿಟ್ಟ. ಯಾರಿಗೆ ಎಷ್ಟು ಕೊಡಬೇಕು, ಕಬ್ಬಿಗೆ ಯಾವಾಗ ನೀರು ಬಿಡಬೇಕು ಎಂದು ಮಗನಿಗೆ ಹೇಳಿಕೊಟ್ಟ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಚಿಕ್ಕಮ್ಮ ಅವತ್ತು ರಾತ್ರಿ ಅವನ ಎದುರು ಕೂತು ನೇರವಾಗಿ ಕೇಳಿದಳು: "ಸಾಯಬೇಕು ಅನ್ನಿಸ್ತಾ ಅದಾ?" ಬಹಳ ಹೊತ್ತಿನ ಮೇಲೆ ಅವನು "ಹೂಂ" ಅಂದ. "ನಿಮ್ಗೆಲ್ಲ ಭಾರ ಆಗ್ಬುಟ್ಟೆ" ಅಂದ.

ನಾನು ಹೇಳಿದ ಉತ್ತರವನ್ನು ಅವಳು ಹೇಳಲಿಲ್ಲ. "ಭಾರನೇ ಕಣ. ಈ ಮನೇಲಿ ಭಾರ ಆಗ್ದೋರು ಯಾರವ್ರೆ ಹೇಳು? ನಿಮ್ಮವ್ವನ ಕಣ್ಣಿನ ಆಪರೇಷನ್ ಆದಾಗ ಅವರನ್ನ ಕೈ ಹಿಡ್ದು ಹಿತ್ಲಿಗೆ ಕರ್ಕೊಂಡೋಯ್ತಿದ್ದೋರು ಯಾರು? ನೀನೇ ಅಲ್ವಾ?" ಅಂದಳು. ಮನೆಯಲ್ಲಿ ಅಪಾಯ ಅನ್ನಿಸಿದ್ದನ್ನೆಲ್ಲ ಅವತ್ತೇ ಪಕ್ಕದ ಮನೆಗೆ ಸಾಗಿಸಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಡಾಕ್ಟರ ಹತ್ತಿರ ಹೋದರು. ಔಷಧ ಬದಲಾಯಿತು. ತಿಂಗಳುಗಟ್ಟಲೆ ಅವನನ್ನು ಒಬ್ಬನೇ ಬಿಡಲಿಲ್ಲ. ಚಿಕ್ಕಪ್ಪ ಇವತ್ತು ಇದ್ದಾನೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಮ್ಮನ ಆ ಮಾತು ನನ್ನನ್ನು ಬಿಟ್ಟಿಲ್ಲ. ಅದರಲ್ಲಿ ಒಂದು ನೈತಿಕ ಪ್ರಶ್ನೆಗೆ ಉತ್ತರವಿದೆ ಅನ್ನಿಸುತ್ತದೆ. ಯಾರಿಗೂ ಭಾರವಾಗದೆ ಬದುಕುವುದು ನಿಜಕ್ಕೂ ಒಂದು ಗುಣವೇ?

ಗುಣ ಎಂದೇ ನಾವು ಬೆಳೆದಿದ್ದೇವೆ. ಇನ್ನೊಬ್ಬರ ಹಂಗಿನಲ್ಲಿ ಇರಬಾರದು, ಕೈಕಾಲು ಗಟ್ಟಿ ಇರುವಾಗಲೇ ಹೋಗಿಬಿಡಬೇಕು ಎಂಬ ಮಾತಿಗೆ ಸ್ವಾಭಿಮಾನದ ಕಳೆ ಇದೆ. ದುಡಿಯಬಲ್ಲವನು ಸೋಮಾರಿಯಾಗಿ ಕೂರದಿರಲಿ ಎಂಬಷ್ಟಕ್ಕೆ ಅದು ಸರಿ. ಆದರೆ ಕಾಯಿಲೆಯ ಮನುಷ್ಯ ಅದನ್ನು ಕೇಳಿಸಿಕೊಳ್ಳುವ ರೀತಿ ಬೇರೆ. ಭಾರವಾಗದೆ ಹೋದವಳು ಪುಣ್ಯವಂತೆಯಾದರೆ, ಭಾರವಾಗಿ ಉಳಿದಿರುವ ತಾನು ಏನು? ಖಿನ್ನತೆ ಮನಸ್ಸಿಗೆ ಇಲ್ಲದ ಲೆಕ್ಕಗಳನ್ನು ತೋರಿಸುತ್ತದೆ. ತನ್ನಿಂದಾಗುವ ಖರ್ಚನ್ನು ಕೂಡಿಸಿ, ತನ್ನಿಂದ ಬಂದದ್ದನ್ನು ಅಳಿಸಿಹಾಕುತ್ತದೆ. ಜಾಯ್ನರ್ ಇದನ್ನು ಭಾರ ಎಂದಷ್ಟೇ ಅನ್ನದೆ, ಭಾರ ಎಂಬ ಗ್ರಹಿಕೆ ಎಂದದ್ದು ಅದಕ್ಕೇ. ಆ ತಪ್ಪು ಲೆಕ್ಕಕ್ಕೆ ನಮ್ಮ ಹೊಗಳಿಕೆ ರುಜು ಹಾಕಿಬಿಡುತ್ತದೆ. ಆಗ ಸಾವು ಅವನಿಗೆ ಹತಾಶೆಯಾಗಿ ಕಾಣುವುದಿಲ್ಲ, ಮನೆಯವರಿಗೆ ಮಾಡುವ ಉಪಕಾರವಾಗಿ ಕಾಣುತ್ತದೆ. ಅದು ಉಪಕಾರವಲ್ಲ. ಹಾಗೆ ಒಬ್ಬರನ್ನು ಕಳೆದುಕೊಂಡ ಯಾವ ಮನೆಯಲ್ಲೂ ಹೊರೆ ಇಳಿದದ್ದನ್ನು ನಾನು ಕಂಡಿಲ್ಲ.

ಹಾಗಾದರೆ "ನೀನು ಭಾರ ಅಲ್ಲ" ಎನ್ನುವುದರಲ್ಲಿ ತಪ್ಪೇನು? ಅದು ಪೂರ್ತಿ ನಿಜವಲ್ಲ. ಚಿಕ್ಕಮ್ಮ ಕೂಲಿ ಬಿಟ್ಟದ್ದು ನಿಜ, ಮಾತ್ರೆಗೆ ದುಡ್ಡಾದದ್ದು ನಿಜ. ಅವನಿಗೆ ಅದು ಗೊತ್ತು. ಗೊತ್ತಿರುವುದನ್ನು ಇಲ್ಲ ಎಂದಾಗ, ಇವರು ನನ್ನ ಜೊತೆ ನಿಜ ಮಾತಾಡುತ್ತಿಲ್ಲ ಎಂದು ತಿಳಿದು ಇನ್ನಷ್ಟು ಒಂಟಿಯಾಗುತ್ತಾನೆ. ನಮ್ಮ ಕಡೆ ಕಬ್ಬಿನ ಹೊರೆಯನ್ನು ತಾನೇ ಎತ್ತಿ ತನ್ನ ತಲೆಗಿಟ್ಟುಕೊಳ್ಳಲು ಯಾರಿಗೂ ಆಗುವುದಿಲ್ಲ. ಎಷ್ಟೇ ಗಟ್ಟಿಗನಾದರೂ ಪಕ್ಕದವನನ್ನು ಕರೆದು "ಒಂದು ಕೈ ಕೊಡು" ಅನ್ನಲೇಬೇಕು. ಹಾಗೆ ಕೇಳಿದವನನ್ನು ಯಾರೂ ಹಂಗಿನವನು ಅನ್ನುವುದಿಲ್ಲ, ಇನ್ನೊಂದು ಗಳಿಗೆಗೆ ಇವನೂ ಅವನಿಗೆ ಕೈ ಕೊಡುತ್ತಾನೆ. ಭಾರ ಇರುವುದು ಅವಮಾನವಲ್ಲ. ಅದನ್ನು ಹೇಳಿಕೊಳ್ಳಲಾಗದ ಮನೆ ಅಪಾಯದ್ದು.

ಕಾನೂನೂ ನಿಧಾನವಾಗಿ ಈ ಕಡೆಗೇ ಬಂದಿದೆ. ಆತ್ಮಹತ್ಯೆಗೆ ಯತ್ನಿಸಿದವರಿಗೆ ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಶಿಕ್ಷೆ ಹೇಳುತ್ತಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೇ ಸೆಕ್ಷನ್ ಉಳಿದಿಲ್ಲ.

ಇದನ್ನೆಲ್ಲ ಓದಿ, ತಮ್ಮವರನ್ನು ಕಳೆದುಕೊಂಡ ಯಾರಾದರೂ "ನಾವು ಕೇಳಲಿಲ್ಲವಲ್ಲ" ಎಂದು ಕೊರಗುವುದು ಬೇಡ. ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2017ರ ಒಂದು ವಿಶ್ಲೇಷಣೆಯ ಪ್ರಕಾರ, ಯಾರು ಯಾವಾಗ ಎಂದು ಊಹಿಸುವುದರಲ್ಲಿ ಈ ಅಪಾಯದ ಅಂಶಗಳು ನಾಣ್ಯ ಚಿಮ್ಮುವುದಕ್ಕಿಂತ ಸ್ವಲ್ಪವೇ ಮೇಲು. ವಿಷಯ ಓದಿದ ನನಗೇ ಕಾಣಲಿಲ್ಲ.

ಊಹಿಸಲು ಆಗದಿದ್ದರೂ ಕೇಳಲು ಆಗುತ್ತದೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ. ಜೆರೋಮ್ ಮೊಟ್ಟೊ ಎಂಬ ಅಮೆರಿಕದ ಮನೋವೈದ್ಯರು ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಬೇಡವೆಂದ 843 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ಆಗಾಗ ಸಣ್ಣ ಕಾಗದ ಬರೆಸಿದರು. ಹೇಗಿದ್ದೀರಿ, ನೆನಪು ಮಾಡಿಕೊಂಡೆವು, ಅಷ್ಟೆ. ಮೊದಲ ಎರಡು ವರ್ಷಗಳಲ್ಲಿ ಕಾಗದ ಬಂದವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆ ಇತ್ತು. ನೀವು ಯಾರಿಗೋ ಸೇರಿದವರು ಎಂದು ಆ ಕಾಗದಗಳು ಹೇಳುತ್ತಿದ್ದವು.

ಮನೆಯವರಿಗೆ ಹೇಳಲಾಗದ್ದನ್ನು ಹೇಳಲು ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ನಾನೀಗ ಭಾನುವಾರಗಳಂದು ಚಿಕ್ಕಪ್ಪನಿಗೆ ಫೋನ್ ಮಾಡುತ್ತೇನೆ. ಕಳೆದ ವಾರ ಅವನು ಮತ್ತೆ ಅದೇ ಲೆಕ್ಕ ಕೇಳಿದ. ಈ ಸಲ ನಗಲಿಲ್ಲ. ಪೇಪರು ತೆಗೆದುಕೊಂಡು ಇಬ್ಬರೂ ಕೂಡಿಸಿದೆವು, ಮಾತ್ರೆ, ಬಸ್ಸು, ಕೂಲಿ. ಆಮೇಲೆ ಮನಸ್ಸು ಹೇಗಿದೆ, ಸಾಯುವ ಯೋಚನೆ ಏನಾದರೂ ಬರುತ್ತಾ ಎಂದು ಕೇಳಿದೆ. "ಈಗಿಲ್ಲ. ಬಂದ್ರೆ ಹೇಳ್ತೀನಿ" ಅಂದ.