ಮಣ್ಣಿನ ಪೇಂಟಿಂಗ್ ಚಾರ್ಜ್ ಯಾರು ಕೊಡ್ತಾರೆ?

ಬೆಂಗಳೂರಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರಿಗೆ ಇದು ಗೊತ್ತಿರುತ್ತೆ. ಅಡ್ವಾನ್ಸ್ ವಾಪಸ್ ಕೊಡುವಾಗ ಓನರ್ ಒಂದು ತಿಂಗಳ ಬಾಡಿಗೆಯನ್ನ ಪೇಂಟಿಂಗಿಗೆ ಅಂತ ಹಿಡ್ಕೋತಾರೆ. ನಾವು ಗೊಣಗ್ತೀವಿ, ಆದ್ರೆ ಅದರ ಹಿಂದಿರೋ ತತ್ವವನ್ನ ಒಪ್ಕೋತೀವಿ: ಬಳಸೋಕೆ ತಗೊಂಡಿದ್ದನ್ನ ಇದ್ದ ಹಾಗೆ ಹಿಂದಿರುಗಿಸಬೇಕು. ಇದೇ ತತ್ವ ಗದ್ದೆಗೆ ಯಾಕಿಲ್ಲ?

ನಮ್ಮ ಮಲೆನಾಡಿನ ಕಡೆ ಭತ್ತದ ಗದ್ದೆಯನ್ನ ಶುಂಠಿಗೆ ಬಿಟ್ಟುಕೊಡೋದು ಈಗ ಮಾಮೂಲು. ಬೆಳೆಯೋರಲ್ಲಿ ಕೆಲವರು ಕೇರಳದವರು, ಕೆಲವರು ನಮ್ಮವರೇ. ಒಂದು ಬೆಳೆ ತೆಗೆದು ಬೇರೆ ಜಾಗ ಹುಡುಕ್ತಾರೆ. ಇದು ಬರೀ ದುರಾಸೆಯಲ್ಲ. ಶುಂಠಿಯ ಕೊಳೆ ರೋಗ, ಸೊರಗು ರೋಗದ ಬೀಜ ಮಣ್ಣಲ್ಲೇ ಉಳಿಯುತ್ತೆ. ಅಲ್ಲೇ ಮತ್ತೆ ಹಾಕಿದ್ರೆ ಬೆಳೆ ಕೈಕೊಡುತ್ತೆ. ಹಾಗಾಗಿ ಪ್ರತಿ ವರ್ಷ ಹೊಸ ಮಣ್ಣು ಬೇಕು.

ಗದ್ದೆಯ ಕಡೆಯಿಂದ ನೋಡಿ. ತಲೆಮಾರುಗಳಿಂದ ಕೆಸರು ತುಳಿದೂ ತುಳಿದೂ ಭತ್ತದ ಗದ್ದೆಯ ಕೆಳಗೆ ಒಂದು ಗಟ್ಟಿ ಪದರ ಕೂತಿರುತ್ತೆ. ಗದ್ದೆಯಲ್ಲಿ ನೀರು ನಿಲ್ಲೋದು ಅದರಿಂದ. ಶುಂಠಿಗೆ ನೀರು ನಿಲ್ಲಬಾರದು. ಜೆಸಿಬಿ ತಂದು ಆಳವಾಗಿ ಬಸಿಗಾಲುವೆ ತೆಗೀತಾರೆ, ಆ ಪದರ ಒಡೆಯುತ್ತೆ. ಮೇಲ್ಮಣ್ಣು ಅಡಿಗೆ ಹೋಗಿ ಅಡಿಮಣ್ಣು ಮೇಲೆ ಬರುತ್ತೆ. ಅದರ ಮೇಲೆ ನಮ್ಮ ಮಳೆ.

ಉಷ್ಣವಲಯದ ಮಣ್ಣಿನ ಗುಟ್ಟು ಅದರ ಮೇಲ್ಪದರದಲ್ಲಿದೆ. ಬಿಸಿಲು, ತೇವ ಎರಡೂ ಜಾಸ್ತಿ. ಬಿದ್ದ ಎಲೆ ಬೇಗ ಕೊಳೆಯುತ್ತೆ, ಬೇರು ಹೀರಿ ಉಳಿದ ಸಾರವನ್ನ ಮಳೆ ತೊಳೆಯುತ್ತೆ. ಹೀಗೆ ತೊಳೆದು ತೊಳೆದು ಕೊನೆಗೆ ಉಳಿಯೋದು ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ಕೆಂಪು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಅಂತ ಅರ್ಥ. ನಾವೂ ಜಂಬಿಟ್ಟಿಗೆ ಅಂತೀವಿ. ಉಷ್ಣವಲಯದ 385 ಅಧ್ಯಯನಗಳನ್ನ ಒಟ್ಟಿಗೆ ನೋಡಿದ 2011ರ ಒಂದು ಲೆಕ್ಕದ ಪ್ರಕಾರ, ಮೂಲ ಕಾಡನ್ನ ಹೊಲ ಮಾಡಿದರೆ ಮಣ್ಣಿನ ಇಂಗಾಲದಲ್ಲಿ ಸರಾಸರಿ ಕಾಲು ಭಾಗ ಹೋಗುತ್ತೆ. ಕಳೆಯೋಕೆ ಕೆಲವು ವರ್ಷ ಸಾಕು. ಒಂದು ಇಂಚು ಮಣ್ಣು ಹುಟ್ಟೋಕೆ ಶತಮಾನಗಳು ಬೇಕು.

ಹಾಗಂತ ನಮ್ಮ ಹಿರಿಯರು ಮಣ್ಣನ್ನ ಪೂಜೆ ಮಾಡ್ತಿದ್ರು ಅಂತ ಭಾವುಕರಾಗೋದು ಬೇಡ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಇತ್ತು. ಅಂದ್ರೆ ಒಂದು ಎಕರೆ ಫಲವತ್ತಾಗಿರೋಕೆ ಒಂಬತ್ತು ಎಕರೆ ದುಡೀತಿತ್ತು. ಎಷ್ಟೋ ಬೆಟ್ಟ ಸವೆದು ಬೋಳಾದವು ಕೂಡ. ಆದ್ರೆ ಒಂದು ವ್ಯತ್ಯಾಸ ಇತ್ತು. ಸೊಪ್ಪು ತಂದವನು ಮುಂದಿನ ವರ್ಷವೂ ಅದೇ ತೋಟದಲ್ಲಿ ಇರಬೇಕಿತ್ತು. ಅವನ ಸಂಯಮ ಒಳ್ಳೆತನದಿಂದ ಬಂದಿದ್ದಕ್ಕಿಂತ ಹೆಚ್ಚಾಗಿ, ಬಿಟ್ಟು ಹೋಗೋಕೆ ಬೇರೆ ಜಾಗ ಇಲ್ಲದ್ದರಿಂದ ಬಂದಿದ್ದು.

ಈಗ ಎಲ್ಲರಿಗೂ ಬೇರೆ ಜಾಗ ಇದೆ. ಶುಂಠಿಯವರಿಗೆ ಮುಂದಿನ ಗದ್ದೆ. ಗದ್ದೆ ಯಜಮಾನರ ಮಕ್ಕಳಿಗೆ, ಅಂದ್ರೆ ನನ್ನಂಥವರಿಗೆ, ಬೆಂಗಳೂರು.

ಊರಲ್ಲಿ ಚಿಕ್ಕಪ್ಪನ ಹತ್ತಿರ ಈ ಮಾತು ತೆಗೆದೆ. "ಭತ್ತ ಬೆಳೆದು ಸಾಲ ತೀರಿಸಿದವರು ಇದ್ರೆ ತೋರ್ಸು ಮಾರಾಯ. ಮಗಳ ಕಾಲೇಜ್ ಫೀಸ್ ಕಟ್ಟೋದು ಹ್ಯಾಂಗೆ? ನನ್ನ ಜಮೀನು, ನನ್ನಿಷ್ಟ" ಅಂದ್ರು. ಮೊದಲ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ತಿಂಗಳ ಸಂಬಳ ತಗೊಳ್ಳೋನು ಅವರಿಗೆ ಶುಂಠಿ ಕೊಡಬೇಡಿ ಅನ್ನೋದು ಸುಲಭ.

ಎರಡನೇ ಮಾತಿಗೆ ತಕರಾರಿದೆ. ಪಹಣಿಯಲ್ಲಿ ನಮ್ಮ ಹೆಸರು, ವಿಸ್ತೀರ್ಣ, ಬೆಳೆ, ಸಾಲ ಎಲ್ಲ ಇದೆ. ಮಣ್ಣಿನ ನಮೂನೆ ಅಂತ ಕಾಲಂ ಕೂಡ ಇದೆ. ಮಣ್ಣಿನ ಸ್ಥಿತಿ ಅಂತ ಇಲ್ಲ. ಕಾಗದ ಅಳೆಯೋದು ಜಾಗವನ್ನ, ಮಣ್ಣನ್ನಲ್ಲ. ನಮ್ಮ ಭಾಷೆಯಲ್ಲಿ ಭೋಗ್ಯ ಅನ್ನೋ ಹಳೇ ಪದ ಇದೆ: ಫಲ ಅನುಭವಿಸು, ವಸ್ತು ಹಿಂದಿರುಗಿಸು. ನನಗನ್ನಿಸೋದು, ಜಮೀನಿನ ಯಜಮಾನನೂ ಮಣ್ಣಿನ ಮಟ್ಟಿಗೆ ಭೋಗ್ಯದಾರನೇ. ಅವನು ಹುಟ್ಟೋ ಎಷ್ಟೋ ಮೊದಲು ಹುಟ್ಟಿದ್ದು ಅದು. ಫಸಲು ಮಾರಬಹುದು. ಫಸಲು ಕೊಡೋ ಶಕ್ತಿಯನ್ನೇ ಮಾರೋಕೆ ಅವನಿಗೆ ಯಾರು ಬರೆದುಕೊಟ್ಟರು?

ಹಾಗಾದ್ರೆ ಶುಂಠಿ ಬೇಡವಾ? ಹಾಗಲ್ಲ, ಷರತ್ತು ಬೇಕು. ಮೇಲ್ಮಣ್ಣನ್ನ ಬೇರೆ ರಾಶಿ ಹಾಕಿ ಕೊನೆಗೆ ಮೇಲೇ ಹರಡಬೇಕು, ಕಾಲುವೆ ಮುಚ್ಚಬೇಕು, ಕೊಡೋ ಮುಂಚೆ ಮತ್ತು ಬಿಡಿಸಿಕೊಂಡ ಮೇಲೆ ಮಣ್ಣು ಪರೀಕ್ಷೆ ಆಗಬೇಕು, ಒಂದು ವರ್ಷ ಸೆಣಬೋ ಡಯಾಂಚವೋ ಬಿತ್ತಿ ಉಳಬೇಕು. ಕಷ್ಟ ಏನಂದ್ರೆ, ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ನಂತರ ಗೇಣಿಗೆ ನಿರ್ಬಂಧ ಇರೋದ್ರಿಂದ ಇಂಥ ಕರಾರು ಬಹುತೇಕ ಬಾಯಿಮಾತಿಂದು. ಹಿಡಿದು ಕೇಳೋಕೆ ಕಾಗದ ಇಲ್ಲ, ಕೇಳೋರು ಊರಲ್ಲಿ ಇರಬೇಕು.

ಇಷ್ಟೆಲ್ಲ ಷರತ್ತು ಹಾಕಿದ್ರೆ ಶುಂಠಿಯವರು ಕೊಡೋ ಹಣ ಕಮ್ಮಿ ಆಗುತ್ತೆ. ಆ ಕಮ್ಮಿಯನ್ನ ಚಿಕ್ಕಪ್ಪ ಒಬ್ಬರೇ ಹೊರಬೇಕು ಅನ್ನೋದು ನ್ಯಾಯ ಅಲ್ಲ. ಊರು ಬಿಟ್ಟು ಹೋಗಿ, ಪಾಲು ಮಾತ್ರ ಬಿಡದೇ ಇರೋ ನಮ್ಮಂಥವರು ಪ್ರತಿ ವರ್ಷ ಸೆಣಬಿನ ಬೀಜದ ದುಡ್ಡನ್ನಾದ್ರೂ ಕಳಿಸಬೇಕು. ಹಿಂದೆ ಒಂದು ಎಕರೆಗಾಗಿ ಒಂಬತ್ತು ಎಕರೆ ದುಡಿದ ಹಾಗೆ, ಈಗ ಸಂಬಳದ ಒಂದು ಚೂರು ಗದ್ದೆಗೆ ದುಡಿಯಲಿ.