ಮನೆಗೆ ಬಂದ ಜೇನೂ ಗೃಹಸ್ಥನ ಧರ್ಮವೂ

ಗೃಹಸ್ಥಾಶ್ರಮವು ಹಿಂಸೆಯಿಂದ ಸಂಪೂರ್ಣವಾಗಿ ಮುಕ್ತವಾದುದೆಂದು ನಮ್ಮ ಸ್ಮೃತಿಕಾರರು ಎಂದೂ ಭಾವಿಸಿದವರಲ್ಲ. ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು-ಒನಕೆ, ನೀರಿನ ಕೊಡ ಈ ಐದನ್ನೂ ಅವರು ‘ಪಂಚಸೂನಾ’ ಎಂದು ಕರೆದರು. ಸೂನಾ ಎಂದರೆ ವಧಸ್ಥಾನ. ಅಡಿಗೆ ಮಾಡುವಾಗ, ಕಸ ಗುಡಿಸುವಾಗ ನಮಗೆ ಅರಿವಿಲ್ಲದೆ ಸಂಭವಿಸುವ ಜೀವಹಾನಿಯ ದೋಷವನ್ನು ಕಳೆಯಲೆಂದೇ ನಿತ್ಯದ ಪಂಚಮಹಾಯಜ್ಞಗಳು ವಿಹಿತವಾದವು. ಆದರೆ ಅರಿತು, ಆಲೋಚಿಸಿ, ಕಾಗದದ ಮೇಲೆ ರುಜು ಹಾಕಿ ನಡೆಸುವ ಹಿಂಸೆಯ ಗತಿ ಏನು? ಈ ಪ್ರಶ್ನೆ ಕೆಲವು ವರ್ಷಗಳ ಹಿಂದೆ ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು.

ನಾವು ಪುಣೆಯ ಒಂದು ವಸತಿ ಸೊಸೈಟಿಯಲ್ಲಿದ್ದೇವೆ. ಒಂದು ಫೆಬ್ರವರಿ ತಿಂಗಳಲ್ಲಿ ನಮ್ಮ ಕಟ್ಟಡದ ನಾಲ್ಕನೆಯ ಅಂತಸ್ತಿನ ಸಜ್ಜದ ಕೆಳಗೆ ಹೆಜ್ಜೇನು ಎರಿ ಕಟ್ಟಿತು. ಸೊಸೈಟಿಯ ಸೆಕ್ರೆಟರಿಯವರು ಒಂದು ಕಾಗದ ಹಿಡಿದು ಬಂದರು. “ಕಾಕಾ, ಎಲ್ಲರೂ ರುಜು ಮಾಡಿದ್ದಾರೆ, ನಿಮ್ಮದೊಂದು ಬಾಕಿ. ಔಷಧ ಹೊಡೆಯುವವರು ನಾಳೆ ರಾತ್ರಿಯೇ ಬರುತ್ತಾರೆ” ಎಂದರು. ಅವರ ಆತುರ ಅಕಾರಣವಾದುದಲ್ಲ. ಎರಿಗೆ ಸಮೀಪದ ಮನೆಯ ಸೊಸೆಗೆ ಹಿಂದೊಮ್ಮೆ ಜೇನು ಕಚ್ಚಿ, ಮುಖ ಊದಿ, ಉಸಿರು ಕಟ್ಟಿ, ಆಸ್ಪತ್ರೆಗೆ ಒಯ್ಯಬೇಕಾಗಿತ್ತು. ಆಕೆಯ ಮಡಿಲಲ್ಲಿ ಆರು ತಿಂಗಳ ಕೂಸು ಇತ್ತು. ನಾನು ಕಾಗದವನ್ನು ತೆಗೆದುಕೊಂಡು, ಮರುದಿನ ಹೇಳುತ್ತೇನೆಂದೆ.

ಆ ರಾತ್ರಿ ನಿದ್ರೆ ಬರಲಿಲ್ಲ. 1994ರ ಒಂದು ಘಟನೆ ಕಣ್ಣ ಮುಂದೆ ನಿಂತಿತು. ಆಗ ನಾನು ರೈಲ್ವೆಯಲ್ಲಿ ಅಧಿಕಾರಿ. ಒಂದು ಸೇತುವೆಯ ಗರ್ಡರಿನ ಅಡಿಯಲ್ಲಿ ಹೆಜ್ಜೇನು ಕಟ್ಟಿತ್ತು. ಇಬ್ಬರು ಗ್ಯಾಂಗ್‌ಮನ್‌ಗಳಿಗೆ ಕಚ್ಚಿತ್ತು; ಸೇತುವೆಯ ಪರೀಕ್ಷಣೆ ನಿಂತುಹೋಗಿತ್ತು. ಸೀಮೆಎಣ್ಣೆಯ ಪಂಜು ಹಿಡಿದು ರಾತ್ರಿ ಸುಟ್ಟುಬಿಡುವಂತೆ ನಾನು ಆಜ್ಞೆ ಮಾಡಿದೆ. ಬೆಳಿಗ್ಗೆ ಟ್ರಾಲಿಯಲ್ಲಿ ಹೋದಾಗ ರೆಕ್ಕೆ ಸುಟ್ಟ ಹುಳುಗಳು ಸ್ಲೀಪರುಗಳ ಮೇಲೆ ಸಹಸ್ರಾರು ಸಂಖ್ಯೆಯಲ್ಲಿ ತೆವಳುತ್ತಿದ್ದವು. ವೃದ್ಧನಾದ ಟ್ರಾಲಿಮನ್ ಇಳಿದು ಅವನ್ನು ಮೆಲ್ಲಗೆ ಬದಿಗೆ ಸರಿಸುತ್ತ, “ಸಾಹೇಬರೇ, ಇನ್ನು ಎಂಟು-ಹತ್ತು ದಿನ ಕಾದಿದ್ದರೆ ತಾವಾಗಿಯೇ ಎದ್ದು ಹೋಗುತ್ತಿದ್ದವು. ಮಳೆ ಹತ್ತಿರ ಬಂತಲ್ಲ” ಎಂದ. ಮೊದಲೇ ಏಕೆ ಹೇಳಲಿಲ್ಲವೆಂದು ಗದರಿಸಿದೆ. “ತಾವು ಕೇಳಲಿಲ್ಲ” ಎಂದು ಉತ್ತರಿಸಿದ.

ನನ್ನ ಕೈ ಪಂಜನ್ನು ಮುಟ್ಟಿರಲಿಲ್ಲ. ಆದರೆ ಸ್ಮೃತಿಯು ಈ ನೆಪವನ್ನು ಒಪ್ಪುವುದಿಲ್ಲ. ಪ್ರಾಣಿವಧೆಯ ವಿಷಯದಲ್ಲಿ ಅನುಮತಿ ನೀಡಿದವನನ್ನೂ ಮನು ಕೊಂದವರ ಪಂಕ್ತಿಯಲ್ಲಿಯೇ ಕೂಡಿಸುತ್ತಾನೆ. ಇಂದು ನಗರಗಳಲ್ಲಿ ಹಣ ಕೊಟ್ಟು ಔಷಧ ಹೊಡೆಸುವ ನಾವು ಇದನ್ನು ಮರೆತಿದ್ದೇವೆ. ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯರ ಕಥೆ ವಾಚಕರಿಗೆ ವಿದಿತವೇ ಇದೆ. ಬಾಲ್ಯದಲ್ಲಿ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದುದಕ್ಕಾಗಿ ಆ ಮಹರ್ಷಿ ಶೂಲವನ್ನು ಅನುಭವಿಸಬೇಕಾಯಿತು. ಅರಿಯದ ವಯಸ್ಸಿನ ತಪ್ಪಿಗೆ ಇಷ್ಟು ದೊಡ್ಡ ದಂಡನೆಯೇ ಎಂದು ಕೋಪಗೊಂಡ ಅವರು ಯಮಧರ್ಮನಿಗೆ ಶಾಪವಿತ್ತರು. ಅವನೇ ವಿದುರನಾಗಿ ಜನಿಸಿದ. ಹದಿನಾಲ್ಕು ವರ್ಷದೊಳಗಿನವರಿಗೆ ಪಾಪಲೇಪವಿಲ್ಲವೆಂಬ ಮರ್ಯಾದೆಯನ್ನೂ ಅವರೇ ಸ್ಥಾಪಿಸಿದರು. ಆ ವಯಸ್ಸು ದಾಟಿದ ನಮಗೆ ಅರಿಯದೆ ಮಾಡಿದೆನೆಂಬ ರಿಯಾಯಿತಿ ದೊರಕದು. ಅರಿಯಲು ಪ್ರಯತ್ನಿಸದೆ ಮಾಡಿದುದೇ ಅಲ್ಲಿ ನಮ್ಮ ದೋಷವಾಗುತ್ತದೆ.

ಅರಿಯದಿರುವಿಕೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಮರ ಕೊರೆಯುವ ಕರಿದುಂಬಿಯೇ ನಿದರ್ಶನ. ಪರಶುರಾಮರು ಮಲಗಿದ್ದಾಗ ಕರ್ಣನ ತೊಡೆಯನ್ನು ಕೊರೆದದ್ದು ದುಂಬಿಯೆಂದು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಮೂಲಭಾರತದ ಶಾಂತಿಪರ್ವದಲ್ಲಿ ಅದು ಅಲರ್ಕವೆಂಬ ಎಂಟು ಕಾಲಿನ ಕೃಮಿ. ದುಂಬಿಗೆ ಕಾಲುಗಳು ಆರೇ. ಆದುದರಿಂದಲೇ ಸಂಸ್ಕೃತದಲ್ಲಿ ಅದಕ್ಕೆ ಷಟ್ಪದವೆಂದು ಹೆಸರು. ಊರಿನಿಂದ ತಂದ ನನ್ನ ತಂದೆಯವರ ಉಯ್ಯಾಲೆಯ ಮಣೆಯನ್ನು ಬಾಲ್ಕನಿಯಲ್ಲಿ ಇರಿಸಿದ್ದೆ. ಒಂದು ಬೇಸಿಗೆ ಅದರ ಅಂಚಿನಲ್ಲಿ ಕೊರೆದು ತೆಗೆದಂತಹ ದುಂಡನೆಯ ತೂತು, ಕೆಳಗೆ ಮರದ ಪುಡಿ. ದುಂಬಿ ಮರವನ್ನು ತಿನ್ನುತ್ತಿದೆಯೆಂದು ತಿಳಿದು ನಾನು ಅದನ್ನು ಕೊಲ್ಲಲು ಸಿದ್ಧನಾಗಿದ್ದೆ. ವಾಸ್ತವದಲ್ಲಿ ಅದರ ಆಹಾರ ಮಕರಂದ ಮತ್ತು ಪರಾಗ. ಹೆಣ್ಣು ದುಂಬಿ ಮರವನ್ನು ಕೊರೆಯುವುದು ಬಾಣಂತಿಕೋಣೆಗಾಗಿ: ಒಳಗೆ ಪರಾಗದ ಉಂಡೆಯನ್ನಿರಿಸಿ, ಅದರ ಮೇಲೆ ಮೊಟ್ಟೆಯಿಟ್ಟು, ಮರದ ಪುಡಿಯಿಂದಲೇ ಗೋಡೆ ಕಟ್ಟಿ, ಮತ್ತೊಂದು ಕೋಣೆಯನ್ನು ಆರಂಭಿಸುತ್ತದೆ. ಮುಖದ ಮುಂದೆ ಗುಂಯ್‌ಗುಡುತ್ತ ಬೆದರಿಸುವ ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಇದ್ದರೂ ಹಿಡಿದು ಪೀಡಿಸದ ಹೊರತು ಅದು ಚುಚ್ಚುವುದು ವಿರಳ.

ಬದನೆಯ ಹೂವಿನಲ್ಲಿ ಪರಾಗವು ಕೇಸರದ ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬರುತ್ತದೆ. ದುಂಬಿಯು ಹೂವನ್ನು ಹಿಡಿದು ಮೈ ನಡುಗಿಸಿದಾಗ ಅದು ಧಾರಾಳವಾಗಿ ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಇಲ್ಲ. ಶ್ರೀವಾದಿರಾಜರ ಅನುಗ್ರಹವೆಂದು ಪ್ರಸಿದ್ಧವಾದ ಮಟ್ಟುಗುಳ್ಳವೂ ಬದನೆಯ ಜಾತಿಯದೇ ಎಂಬುದನ್ನು ನೆನೆದಾಗ, ಕೈಯಲ್ಲಿದ್ದ ಔಷಧದ ಡಬ್ಬಿಯನ್ನು ಕೆಳಗಿರಿಸಿದೆ. ಮರಿಗಳು ಹಾರಿಹೋಗುವವರೆಗೆ ಕಾದು, ತೂತಿಗೆ ಮರದ ಬೆಣೆ ಹೊಡೆದು, ಮಣೆಗೆ ಬಣ್ಣ ಬಳಿಸಿದೆ. ಬಣ್ಣವಿಲ್ಲದ ಒಣಮರವೇ ಅದಕ್ಕೆ ಪ್ರಿಯ. ಬಣ್ಣ ಬಳಿದ ಮೇಲೆ ನಮ್ಮ ಮಣೆಗೆ ಅದು ಮರಳಲಿಲ್ಲ.

ಹೆಜ್ಜೇನಿನ ಪ್ರಶ್ನೆ ಇಷ್ಟು ಸುಲಭವಾದುದಲ್ಲ. ಅದು ಗುಂಪಾಗಿ ಎರಗುತ್ತದೆ. ಒಂದು ನೊಣ ಚುಚ್ಚಿದೊಡನೆ ಹೊರಡುವ ವಾಸನೆಯು ಉಳಿದವುಗಳಿಗೆ ಕರೆಯಾಗುತ್ತದೆ. ಚುಚ್ಚಿದ ನೊಣವೂ ಬದುಕುವುದಿಲ್ಲ. ಮುಳ್ಳುಳ್ಳ ಕೊಂಡಿಯು ನಮ್ಮ ಚರ್ಮದಲ್ಲಿ ಸಿಕ್ಕಿಕೊಂಡು ಅದರ ಒಡಲು ಹರಿಯುತ್ತದೆ. ತನ್ನ ಪ್ರಾಣವನ್ನೇ ತೆರಬೇಕಾದ ಕಾರ್ಯಕ್ಕೆ ಅದು ಇಳಿಯುವುದು ಎರಿಗೆ ಆಪತ್ತು ಬಂದಿತೆಂದು ತೋರಿದಾಗ. ಕಲ್ಲೆಸೆತ, ಹೊಗೆ, ಪಟಾಕಿ, ಎರಿಯ ಮೇಲೆ ಎರಗುವ ಹದ್ದು ಇವೇ ಸಾಮಾನ್ಯವಾದ ಕಾರಣಗಳು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಜೀವರಲ್ಲಿ ತಾರತಮ್ಯವು ನಮ್ಮ ಸಿದ್ಧಾಂತದಲ್ಲಿ ಸತ್ಯ. ಹಾಗಿರುವಾಗ ಕೂಸಿನ ಪ್ರಾಣಕ್ಕೂ ಹುಳುವಿನ ಪ್ರಾಣಕ್ಕೂ ತೂಕವೆಲ್ಲಿ? ಮಾತು ನಿಜ. ಕೂಸಿನ ರಕ್ಷಣೆಯೇ ಮೊದಲಿನ ಕರ್ತವ್ಯವೆಂಬಲ್ಲಿ ನನಗೆ ಸಂದೇಹವಿಲ್ಲ. ಆದರೆ ತಾರತಮ್ಯವು ಜೀವರ ಯೋಗ್ಯತೆಯನ್ನು ಹೇಳುತ್ತದೆಯೇ ಹೊರತು ಕೆಳಗಿನವರನ್ನು ನಿಷ್ಕಾರಣವಾಗಿ ಕೊಲ್ಲುವ ಅಧಿಕಾರವನ್ನು ಮೇಲಿನವರಿಗೆ ಕೊಡುವುದಿಲ್ಲ. ಅದೇ ಸಿದ್ಧಾಂತವು ಪ್ರತಿಯೊಂದು ಜೀವನೂ ಅನಾದಿನಿತ್ಯನೆಂದೂ, ಅವನೊಳಗೆ ಬಿಂಬರೂಪಿಯಾದ ಶ್ರೀಹರಿ ನೆಲೆಸಿದ್ದಾನೆಂದೂ ಹೇಳುತ್ತದೆ. ಪ್ರತಿಮೆಯಲ್ಲಿ ಮಾತ್ರ ತನ್ನನ್ನು ಕಂಡು ಪ್ರಾಣಿಗಳಲ್ಲಿ ಕಡೆಗಣಿಸುವವನ ಪೂಜೆ ತನಗೆ ಪ್ರಿಯವಲ್ಲವೆಂಬುದು ಭಾಗವತದ ತೃತೀಯಸ್ಕಂಧದಲ್ಲಿ ಕಪಿಲರೂಪಿಯು ದೇವಹೂತಿಗೆ ಮಾಡಿದ ಉಪದೇಶದ ಆಶಯ. ಮರುದಿನ ಬೆಳಿಗ್ಗೆ ಪೂಜೆಗೆ ಪಂಚಾಮೃತವನ್ನು ಅಣಿಗೊಳಿಸುತ್ತಿದ್ದ ನಮ್ಮ ಮನೆಯವರು ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರು: “ದೇವರಿಗೆ ಜೇನುತುಪ್ಪ ಬೇಕು, ಜೇನು ಮಾತ್ರ ಬೇಡವೇನು?”

ಆ ದಿನ ಸೆಕ್ರೆಟರಿಯವರನ್ನು ಕರೆದು, ವಿಷ ಹೊಡೆಯಲು ರುಜು ಮಾಡಲಾರೆನೆಂದೂ, ಆದರೆ ಎರಿಯನ್ನು ಅಲ್ಲಿಯೇ ಬಿಡಬೇಕೆಂದು ಹಟ ಹಿಡಿಯುವುದಿಲ್ಲವೆಂದೂ ಹೇಳಿದೆ. ಸೇತುವೆಯ ಮೇಲಿನಂತೆ ಎಂಟು ದಿನದ ಪ್ರಶ್ನೆ ಇದಾಗಿರಲಿಲ್ಲ. ಮಳೆಗಾಲಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಆ ತಾಯಿಗೆ ಅಷ್ಟು ಕಾಲ ಕಿಟಕಿ ತೆರೆಯಬೇಡವೆನ್ನುವ ಹಕ್ಕು ನನಗಿರಲಿಲ್ಲ. ಕೇಂದ್ರ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1962ರಿಂದ ಪುಣೆಯಲ್ಲಿಯೇ ಇದೆ. ಜೇನು ಬಲ್ಲವರಿಗೆ ಈ ನಗರದಲ್ಲಿ ಕೊರತೆಯಿಲ್ಲ. ವಿಚಾರಿಸಿದಾಗ ನುರಿತ ಇಬ್ಬರು ಸಿಕ್ಕರು. ಖರ್ಚಿನ ಹೆಚ್ಚಳವನ್ನು ನಾನು ವಹಿಸಿಕೊಂಡೆ. ಕಿಟಕಿಗಳನ್ನೆಲ್ಲ ಮುಚ್ಚಿಸಿ, ದೀಪಗಳನ್ನು ಆರಿಸಿ, ರಾತ್ರಿ ಅವರು ನೊಣಗಳನ್ನು ಎಬ್ಬಿಸಿ ಎರಿಯನ್ನು ಕೊಯ್ದರು. ಬಹುಪಾಲು ನೊಣಗಳು ಜೀವಸಹಿತ ಉಳಿದವು. ಎರಡು ದಿನ ಅಲ್ಲಿಯೇ ಗುಂಪುಗೂಡಿದ್ದು, ಅನಂತರ ಹಾರಿಹೋದವು.

ಇದನ್ನು ಪುಣ್ಯಕಾರ್ಯವೆಂದು ಹೇಳಿಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ. ಕೊಯ್ದ ಎರಿಯನ್ನು ಕೆಳಗಿಳಿಸಿದಾಗ ನೋಡಿದೆ: ಕೋಶಗಳ ತುಂಬ ಬಿಳಿಯ ಮರಿಗಳಿದ್ದವು. ಅವು ಬದುಕುವಂತಿರಲಿಲ್ಲ. ನಾನು ರುಜು ಮಾಡಿದ ಎರಡನೆಯ ಕಾಗದ ಅವುಗಳ ಪಾಲಿಗೆ ಮರಣಶಾಸನವೇ ಆಯಿತು. ಆದರೂ 1994ರ ಆಜ್ಞೆಗೂ ಇದಕ್ಕೂ ಭೇದವಿದೆಯೆಂದು ನನ್ನ ನಂಬಿಕೆ. ಅಂದು ಕೇಳದೆ ಕೊಂದೆ. ಇಂದು ಕೇಳಿ, ತಡೆಯಲಾಗುವಷ್ಟನ್ನು ತಡೆದು, ಉಳಿದ ದೋಷವನ್ನು ನನ್ನದೆಂದು ಒಪ್ಪಿಕೊಂಡೆ. ಪಂಚಸೂನಾದೋಷಕ್ಕೆ ಯಜ್ಞವನ್ನು ವಿಧಿಸಿದವರ ಅಭಿಪ್ರಾಯವೂ ಇದೇ ಇರಬೇಕು: ಬಾಳುವುದಕ್ಕೆ ತಗಲುವ ಹಿಂಸೆಯನ್ನು ಕನಿಷ್ಠಗೊಳಿಸು, ಉಳಿದುದನ್ನು ಸಾಲವೆಂದು ಬರೆದಿಟ್ಟುಕೊಂಡು ದಿನವೂ ತೀರಿಸುತ್ತಿರು.

ನಗರವಾಸಿಗಳಾದ ಆಸ್ತಿಕ ಬಾಂಧವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಎರಿ ಕಂಡೊಡನೆ ಅದು ಯಾವ ಜೇನು, ಎಷ್ಟು ಕಾಲ ಇರುವಂಥದು, ಯಾರಿಗೆ ನಿಜವಾಗಿ ಅಪಾಯ ಎಂಬ ಮೂರನ್ನು ಬಲ್ಲವರಲ್ಲಿ ಕೇಳಿರಿ. ಜನಸಂಚಾರವಿಲ್ಲದೆಡೆ ಇದ್ದರೆ ಕೆಣಕದೆ ಬಿಡಿರಿ. ಮಕ್ಕಳಿಗೆ ಕಲ್ಲೆಸೆಯದಂತೆ ಹೇಳಿರಿ. ಕಚ್ಚಿದರೆ ಕೊಂಡಿಯನ್ನು ತಡಮಾಡದೆ ಕೆರೆದು ತೆಗೆಯಿರಿ. ಉಸಿರಾಟಕ್ಕೆ ತೊಂದರೆಯಾದರೆ, ಮುಖ-ನಾಲಿಗೆ ಊದಿದರೆ, ಅಥವಾ ಹಲವು ನೊಣಗಳು ಕಚ್ಚಿದ್ದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಿರಿ.

ಮರುವರ್ಷ ಹೆಜ್ಜೇನು ಪುನಃ ನಮ್ಮ ಕಟ್ಟಡಕ್ಕೆ ಬಂದಿತು. ಈ ಸಲ ಹಿಂಬದಿಯಲ್ಲಿ, ನೀರಿನ ಟಾಕಿಯ ಅಡಿಗೆ. ಸೆಕ್ರೆಟರಿಯವರು ಬಂದರು, ಕೈಯಲ್ಲಿ ಕಾಗದವಿರಲಿಲ್ಲ. “ಕಾಕಾ, ಇವು ಯಾವಾಗ ಹೋಗುತ್ತವೆ?” ಎಂದು ಕೇಳಿದರು. ಮೇ ಮುಗಿಯುವ ಹೊತ್ತಿಗೆ ಎಂದೆ. ಟಾಕಿಗೆ ಹೋಗುವ ಬಾಗಿಲಿಗೆ ಬೀಗ ಹಾಕಿಸಿ, ಅವರು ಕಾದರು.

ಶ್ರೀಕೃಷ್ಣಾರ್ಪಣಮಸ್ತು.