ಬೇಟೆಯ ಕೂಟವೂ ನಂಬಿಕೆಯ ಒರೆಗಲ್ಲೂ

ಹಣವನ್ನು ಮುಂಗಡವಾಗಿ ತೆತ್ತು, ಅದಕ್ಕೆ ಪ್ರತಿಯಾಗಿ ದೊರೆಯತಕ್ಕುದನ್ನು ಇನ್ನೂ ಕಣ್ಣಿನಿಂದ ಕಾಣದಿರುವಾಗ, ಹಣ ಪಡೆದವನು ನಂಬಿಕೆಗೆ ಅರ್ಹನೇ ಎಂಬುದನ್ನು ಯಾವ ಗುರುತಿನಿಂದ ತಿಳಿಯಬೇಕು? ಈ ಹಳೆಯ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ವಾಚಕರಿಗೆ ದೂರದ್ದೆಂದು ತೋರುವ ಒಂದು ನಿದರ್ಶನವನ್ನು ಆರಿಸಿಕೊಂಡಿದ್ದೇನೆ. ಅದು ಬ್ರಿಟನ್ನಿನ ಜಿಂಕೆಬೇಟೆಯ ಸಿಂಡಿಕೇಟು, ಎಂದರೆ ಹಣ ತೆತ್ತು ಸೇರುವ ಬೇಟೆಯ ಕೂಟ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಶಾಸನವೂ ಅದರ ಮುಂದಣ ತಿದ್ದುಪಡಿಗಳೂ ಜಿಂಕೆಯ ಬೇಟೆಯನ್ನು ನಿಷೇಧಿಸಿವೆ. ಆ ದ್ವೀಪದ ಸ್ಥಿತಿಯಾದರೋ ಬೇರೆ. ಅಲ್ಲಿ ತೋಳಗಳು ಅಳಿದು ಶತಮಾನಗಳೇ ಸಂದುವು. ಜಿಂಕೆಯ ಸಂಖ್ಯೆಯನ್ನು ಹಿಡಿತದಲ್ಲಿಡುವ ಮೃಗವಿಲ್ಲ. ಎಳೆಯ ಗಿಡಗಳೂ ಪೈರುಗಳೂ ಅವುಗಳ ಬಾಯಿಗೆ ಬೀಳುತ್ತವೆ. ಆದುದರಿಂದ ಕಾನೂನು ಮಿತಿಗಳನ್ನು ವಿಧಿಸಿ ಬೇಟೆಗೆ ಅವಕಾಶ ಕೊಟ್ಟಿದೆ. ಭೂಮಾಲಿಕನಿಂದ ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದು, ಅದನ್ನು ಕೆಲವು ಮಂದಿ ಸದಸ್ಯರಿಗೆ ಹಂಚಿ, ಪ್ರತಿಯೊಬ್ಬರಿಂದಲೂ ವರ್ಷಕ್ಕಿಷ್ಟೆಂದು ಹಣ ಪಡೆಯುವುದೇ ಈ ಕೂಟಗಳ ಕ್ರಮ.

ಇಲ್ಲಿ ಸದಸ್ಯನು ಕೊಳ್ಳುವುದಾದರೂ ಏನು? ಆ ದೇಶದ ನ್ಯಾಯದಂತೆ ಕಾಡುಜಿಂಕೆ ಬದುಕಿರುವವರೆಗೆ ಯಾರ ಸೊತ್ತೂ ಅಲ್ಲ. ಕೊಳ್ಳಬಹುದಾದುದು ಅನುಮತಿ ಮಾತ್ರ, ಜಿಂಕೆಯಲ್ಲ. "ಇಷ್ಟು ಹಣ ಕೊಡಿರಿ, ಇಷ್ಟು ಜಿಂಕೆ ನಿಶ್ಚಯ" ಎನ್ನುವವನು ತನ್ನದಲ್ಲದ್ದನ್ನು ಮಾರುತ್ತಿರುವನು. ಅನುಮತಿಯೂ ನಿಜವಾಗಿರಬೇಕು. ಒಡೆಯನ ಒಪ್ಪಿಗೆಯಿಲ್ಲದೆ ಪರರ ನೆಲದಲ್ಲಿ ಜಿಂಕೆಯನ್ನರಸಿ ಹೋಗುವುದು ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ 1991ರ ಜಿಂಕೆಗಳ ಶಾಸನದಂತೆ ಅಪರಾಧ. ಗುತ್ತಿಗೆ ಸುಳ್ಳಾದರೆ ಸದಸ್ಯನು ಹಣವನ್ನಷ್ಟೇ ಅಲ್ಲ, ಮಾನವನ್ನೂ ಪಣವಾಗಿಟ್ಟಂತಾಗುವುದು. ನೆಲ ಯಾರದು, ಗುತ್ತಿಗೆ ಎಂದಿನವರೆಗೆ, ಎಷ್ಟು ಎಕರೆಗೆ ಎಷ್ಟು ಮಂದಿ, ಕಳೆದ ವರ್ಷಗಳಲ್ಲಿ ಕೊಂದ ಜಿಂಕೆಗಳೆಷ್ಟು, ಇವನ್ನೆಲ್ಲ ಕೇಳುವುದು ಅವಿನಯವಲ್ಲ. ಪ್ರಾಮಾಣಿಕನು ಮುನಿಯದೆ ಕಾಗದಪತ್ರಗಳನ್ನು ಮುಂದಿಡುವನು.

ಆದರೆ ಕಾಗದವನ್ನು ಕಲ್ಪಿಸಬಹುದು, ಸವಿಮಾತನ್ನು ಕಲಿಯಬಹುದು. ಇನ್ನೂ ಆಳವಾದ ಗುರುತೊಂದು ಬೇಕು. ನನಗೆ ತೋರುವ ಮಟ್ಟಿಗೆ, ಕೂಟದ ಯಜಮಾನನು ಹಣ ತೆರುವ ನಮ್ಮನ್ನು ಹೇಗೆ ಕಾಣುತ್ತಾನೆಂಬುದು ಮುಖ್ಯವಲ್ಲ. ಅವನಿಗೆ ಏನನ್ನೂ ತೆರದವರನ್ನು ಹೇಗೆ ಕಾಣುತ್ತಾನೆಂಬುದು ಮುಖ್ಯ. ಅಂಥವರಲ್ಲಿ ಮೊದಲನೆಯದು ಜಿಂಕೆಯೇ.

ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ಕೆಂಪು ಜಿಂಕೆ, ರೋ ಜಿಂಕೆ ಮೊದಲಾದುವುಗಳ ಹೆಣ್ಣುಗಳನ್ನು ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ಕೊಲ್ಲಕೂಡದು. ಮರಿಗಳು ತಾಯಿಯನ್ನು ನೆಚ್ಚಿರುವ ಕಾಲವದು. ಚೀನದಿಂದ ಬಂದ ಮುಂಟ್‌ಜಾಕ್ ಮಾತ್ರ, ನಮ್ಮ ಕಾಡುಕುರಿಯ ಬಂಧುವಾದ ಆ ಸಣ್ಣ ಜಿಂಕೆ, ವರ್ಷವೆಲ್ಲ ಈಯುವುದರಿಂದ ಅದಕ್ಕೆ ನಿಷೇಧಕಾಲವೇ ಇಲ್ಲ. ಕಾನೂನು ಮೌನವಾಗಿರುವ ಈ ಎಡೆಯಲ್ಲಿ ಸಜ್ಜನ ಬೇಟೆಗಾರರು ತಾವೇ ಒಂದು ಕಟ್ಟಳೆಯನ್ನು ಇಟ್ಟುಕೊಂಡಿದ್ದಾರೆ. ಹೆಣ್ಣನ್ನು ಕೊಲ್ಲಬೇಕಾದರೆ ಇನ್ನೂ ಬಲಿಯದುದನ್ನೋ ತುಂಬುಗರ್ಭದ್ದನ್ನೋ ಆರಿಸುವರು. ಇದು ನಮಗೆ ಕ್ರೂರವಾಗಿ ತೋರಬಹುದು. ಆದರೆ ಪೊದೆಯಲ್ಲಿ ಅಡಗಿರುವ ಹಾಲುಮರಿಯೊಂದು ತಾಯಿ ಬಾರದೆ ಹಸಿದು ಸಾಯದಿರಲೆಂಬುದೇ ಅದರ ಉದ್ದೇಶ. ಯಾರೂ ನೋಡದ, ಯಾವ ನ್ಯಾಯಾಲಯವೂ ಕೇಳದ ಆ ಮರಿಯನ್ನು ನೆನೆಯುವವನು ನಮ್ಮ ಹಣವನ್ನು ಮರೆಯಲಾರನು.

ಎರಡನೆಯವನು ನೆರೆಯ ದಾರಿಹೋಕ. ಹಿಂದೆ ಮಣ್ಣಿನ ದಿಬ್ಬವಿಲ್ಲದಿದ್ದರೆ ರೈಫಲಿನ ಗುಂಡು ಮೈಲಿಯಾಚೆಗೂ ಹೋದೀತು. ಆದುದರಿಂದ ಒಳ್ಳೆಯ ಯಜಮಾನನು ಹೊಸಬನ ಪರವಾನಗಿಯನ್ನು ನೋಡುವನು, ಗುರಿಯನ್ನು ಪರೀಕ್ಷಿಸುವನು, ತಕ್ಕವನಲ್ಲವಾದರೆ ಹಣವನ್ನು ಹಿಂದಿರುಗಿಸುವನು. ಏನೊಂದನ್ನೂ ಕೇಳದೆ ನಮ್ಮನ್ನು ಸೇರಿಸಿಕೊಂಡವನು ಇನ್ನೊಬ್ಬನನ್ನೂ ಹಾಗೆಯೇ ಸೇರಿಸಿಕೊಂಡಿರುವನು. ಆ ಇನ್ನೊಬ್ಬನ ಬಂದೂಕು ಮುಂಜಾವದ ಮಂಜಿನಲ್ಲಿ ಯಾವ ಕಡೆಗೆ ತಿರುಗೀತೆಂದು ಬಲ್ಲವರಾರು?

ಈ ಒರೆಗಲ್ಲಿಗೆ ಸದಸ್ಯನೂ ಹೊರತಲ್ಲ. ತೆತ್ತ ಹಣಕ್ಕೆ ಸಮನಾದ ಜಿಂಕೆಗಳನ್ನು ಪಡೆದೇ ತೀರುವೆನೆಂದು ಹೊರಟವನು ಯಜಮಾನನನ್ನು ಅಪ್ರಾಮಾಣಿಕತೆಯ ಕಡೆಗೆ ತಾನೇ ನೂಕುವನು. ವರ್ಷವೆಲ್ಲ ಅಲೆದು ಬರಿಗೈಯಲ್ಲಿ ಹಿಂದಿರುಗಿದರೂ ದೂರದಿರುವವನಿಗೇ ಇನ್ನೊಬ್ಬನ ಸತ್ಯವನ್ನು ಅಳೆಯುವ ಅಧಿಕಾರ.

ಹಣ ಪಡೆದವರು "ಆಗಲಿ" ಎನ್ನುವುದು ಸುಲಭ. ಹಣ ಕೈಸೇರಲಿದ್ದಾಗಲೂ, ಮೂಕಪ್ರಾಣಿಯ ಸಲುವಾಗಿ, ಕಾಣದ ದಾರಿಹೋಕನ ಸಲುವಾಗಿ, "ಕೂಡದು" ಎನ್ನಬಲ್ಲವನನ್ನು ನಂಬಬಹುದು. ಬೇಟೆಯ ಗೊಡವೆಯಿಲ್ಲದ ನಮ್ಮ ಮನೆಗಳಲ್ಲಿಯೂ, ಚೀಟಿಯ ಹಣ ಕಟ್ಟುವಾಗ, ಮನೆ ಕಟ್ಟಿಸುವಾಗ, ಈ ಒರೆಗಲ್ಲು ಉಪಯೋಗಕ್ಕೆ ಬಾರದೆ ಹೋಗದು.